ತವಾ ವಾಪಸು ಕಳಿಸುವವರು ಯಾರು?

ಪಂಚಮಿಗೆ ತವರಿಗೆ ಬಂದ ತಂಗಿಯ ಕೈಯಲ್ಲಿ ಎರಡು ಚೀಲಗಳಿದ್ದವು. ಒಂದರಲ್ಲಿ ಶೇಂಗಾ ಉಂಡಿ, ಎಳ್ಳುಂಡಿ. ಇನ್ನೊಂದರಲ್ಲಿ ಒಂದು ತವಾ. ಉಂಡಿಯ ಡಬ್ಬಿಯನ್ನು ನನ್ನ ಹೆಂಡತಿಯ ಕೈಗಿತ್ತು, ತವಾವನ್ನು ನೇರವಾಗಿ ತಂದು ನನ್ನ ಮುಂದಿಟ್ಟಳು. “ಅಣ್ಣಾ, ಇಪ್ಪತ್ತಾರು ವರ್ಷ ಕಾರ್ಖಾನೆಯಲ್ಲಿ ಲೋಹ ನೋಡಿದವನು ನೀನು. ಇದನ್ನೂ ಒಮ್ಮೆ ನೋಡು. ಇನ್ನೂ ನಾಲ್ಕು ತಿಂಗಳು ತುಂಬಿಲ್ಲ.”

ಪೆಟ್ಟಿಗೆಯನ್ನೂ ಜೋಪಾನವಾಗಿ ತಂದಿದ್ದಳು. ಅದರ ಮುಕ್ಕಾಲು ಭಾಗ ಒಬ್ಬ ಬಾಣಸಿಗರ ಮುಖ. ಟಿವಿಯಿಂದ ಮನೆಮಾತಾದವರು, ಹೆಸರು ಬೇಡ. ತವಾದ ತಳದಲ್ಲಿಯೂ ಅವರದೇ ಸಹಿ ಕೆತ್ತಲಾಗಿತ್ತು. ಬೆಲೆ 1,899 ರೂಪಾಯಿ. ತಂಗಿಯ ದೂರು ಮೂರು: ನಡುವಿನ ಲೇಪನ ಎದ್ದಿದೆ, ಹಿಡಿಕೆ ಅಲ್ಲಾಡುತ್ತದೆ, ಕಟ್ಟೆಯ ಮೇಲಿಟ್ಟರೆ ತವಾ ಬುಗುರಿಯಂತೆ ತಿರುಗುತ್ತದೆ. ನಾಲ್ಕನೆಯದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಆ ಬಾಣಸಿಗರ ಕಾರ್ಯಕ್ರಮವನ್ನು ವರ್ಷಗಟ್ಟಲೆ ನೋಡಿದವಳು ಅವಳು. ಎಣ್ಣೆಗಾಯಿಗೆ ಅವರು ಗುರೆಳ್ಳು ಹಾಕಲಿಲ್ಲವೆಂದು ಟಿವಿಯ ಜೊತೆಗೇ ಜಗಳವಾಡಿದವಳು. ಅಪರಿಚಿತ ಅಂಗಡಿಯವನು ಮೋಸ ಮಾಡಿದ್ದರೆ ಇಷ್ಟು ಬೇಸರವಾಗುತ್ತಿರಲಿಲ್ಲ.

ನಾನು ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯ, ಗುಣಮಟ್ಟ ವಿಭಾಗದಲ್ಲಿ ಕೆಲಸ ಮಾಡಿದವನು. ತೂಗುವುದು, ಅಳೆಯುವುದು, ಒಡೆದು ನೋಡುವುದು ನನ್ನ ಚಾಳಿ. ಮೊದಲು ತವಾವನ್ನು ತಕ್ಕಡಿಗೆ ಹಾಕಿದೆ. ಹಿಡಿಕೆ ಸೇರಿ 620 ಗ್ರಾಂ.

ತೂಕದ ಮಾತು ಬಂದಾಗ ನಮ್ಮೂರಿನ ಬೋಗಾರವೇಸ್ ನೆನಪಾಗುತ್ತದೆ. ಬೋಗಾರರೆಂದರೆ ತಾಮ್ರ, ಹಿತ್ತಾಳೆ, ಕಂಚಿನ ಪಾತ್ರೆಗಳ ವ್ಯಾಪಾರಿಗಳು; ವೇಸ್ ಎಂದರೆ ಮರಾಠಿಯಲ್ಲಿ ಅಗಸೆ ಬಾಗಿಲು. ಈಗ ಅಲ್ಲಿ ಆಟೋಗಳ ಗದ್ದಲವೇ ಹೆಚ್ಚು, ಹೆಸರಿನ ಅರ್ಥ ಕೇಳುವವರು ಕಡಿಮೆ. ನನ್ನ ಅವ್ವ ಕೊಡ ಕೊಳ್ಳುವಾಗ ಅಂಗಡಿಯವರು ಅದನ್ನು ತಕ್ಕಡಿಯಲ್ಲಿಟ್ಟು, ಕಿಲೋಗೆ ಇಷ್ಟು ಎಂದು ಲೆಕ್ಕ ಹಾಕುತ್ತಿದ್ದರು. ಹಳೆಯದನ್ನು ಮರಳಿ ಕೊಟ್ಟರೆ ಅದರ ತೂಕಕ್ಕೂ ಬೆಲೆಯಿತ್ತು. ಸ್ಟೀಲ್ ಪಾತ್ರೆಗಳೂ ಬಹುಕಾಲ ಹಾಗೆಯೇ ಮಾರಾಟವಾದವು. ತೂಕದ ವ್ಯಾಪಾರದಲ್ಲಿ ತಗಡನ್ನು ತೆಳ್ಳಗೆ ಮಾಡಿದರೆ ಬೆಲೆಯೂ ಇಳಿಯುತ್ತದೆ, ಅಡಗಿಸಲು ಜಾಗವಿರುವುದಿಲ್ಲ. ಒಂದೊಂದಕ್ಕೆ ಇಷ್ಟು ಎಂದು ಪೆಟ್ಟಿಗೆಯಲ್ಲಿ ಮಾರಲು ತೊಡಗಿದ ಮೇಲೆ ಆ ತಕ್ಕಡಿ ಗ್ರಾಹಕರ ಕಣ್ಣಿನಿಂದ ಮರೆಯಾಯಿತು. ತಂಗಿಯ ತವಾದ ಲೆಕ್ಕ ಹಾಕಿದರೆ ಕಿಲೋಗೆ ಮೂರು ಸಾವಿರ ರೂಪಾಯಿ ಮುಟ್ಟುತ್ತದೆ. ಲೇಪನಕ್ಕೂ ಹಿಡಿಕೆಗೂ ಖರ್ಚಿದೆ, ಒಪ್ಪುತ್ತೇನೆ. ಆದರೂ ಅಲ್ಯೂಮಿನಿಯಂಗೆ ಅದು ಬಹಳ ದೊಡ್ಡ ಬೆಲೆ.

ಉಳಿದ ಹಣ ಎಲ್ಲಿಗೆ ಹೋಯಿತು? ಒಂದು ಹಳೆಯ ಉದಾಹರಣೆಯಿದೆ. ಅಮೆರಿಕದ ಬಾಕ್ಸಿಂಗ್ ಚಾಂಪಿಯನ್ ಜಾರ್ಜ್ ಫೋರ್‌ಮನ್ ಹೆಸರಿನಲ್ಲಿ 1994ರಲ್ಲಿ ಒಂದು ವಿದ್ಯುತ್ ಗ್ರಿಲ್ ಮಾರುಕಟ್ಟೆಗೆ ಬಂತು. ಅದನ್ನು ರೂಪಿಸಿದವನು ಮೈಕಲ್ ಬೋಮ್ ಎಂಬಾತ. ಫೋರ್‌ಮನ್ ಕೊಟ್ಟದ್ದು ಹೆಸರು, ನಗು ಮತ್ತು ಮಾತು. 1999ರಲ್ಲಿ ಸಾಲ್ಟನ್ ಎಂಬ ಕಂಪನಿ ಆ ಹೆಸರಿನ ಹಕ್ಕಿಗಾಗಿ ಕೊಟ್ಟದ್ದು 13.75 ಕೋಟಿ ಡಾಲರ್. ಗ್ರಿಲ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ಕೋಟಿಗಟ್ಟಲೆ ಮನೆಗಳಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡಿತು. ಹೆಸರು ಪುಕ್ಕಟೆ ಬರುವುದಿಲ್ಲ, ಅದರ ಹಣ ಮಾಲಿನ ಬೆಲೆಯೊಳಗೇ ಕೂತಿರುತ್ತದೆ ಎಂಬುದಕ್ಕಷ್ಟೇ ಈ ಮಾತು.

ಒಬ್ಬರು ತಯಾರಿಸಿ ಇನ್ನೊಬ್ಬರ ಹೆಸರು ಹಾಕುವುದರಲ್ಲಿ ತಪ್ಪೇನೂ ಇಲ್ಲ. ಬೆಳಗಾವಿಯ ಫೌಂಡ್ರಿಗಳು ಬದುಕಿರುವುದೇ ಹಾಗೆ. ನಾವು ಎರಕ ಹೊಯ್ದ ಪಂಪಿನ, ವಾಲ್ವಿನ, ಎಂಜಿನ್ನಿನ ಭಾಗಗಳು ಯಾರಾರದೋ ಹೆಸರು ಹೊತ್ತು ಹೋಗುತ್ತವೆ. ಆದರೆ ಆ ಹೆಸರಿನವರು ಮೊದಲು ಡ್ರಾಯಿಂಗ್ ಕಳಿಸುತ್ತಾರೆ. ಎಲ್ಲಿ ಎಷ್ಟು ದಪ್ಪ, ಎಷ್ಟು ಗಡಸು, ಇಂಗಾಲ ಎಷ್ಟು, ಸಿಲಿಕಾನ್ ಎಷ್ಟು, ಎಲ್ಲವೂ ಅದರಲ್ಲಿರುತ್ತದೆ. ಪ್ರತಿ ಎರಕದ ಮೇಲೂ ಹೀಟ್ ನಂಬರ್ ಇರಬೇಕು. ಯಾವ ದಿನ, ಯಾವ ಕುಲುಮೆಯ ಕರಗು ಎಂಬುದು ಅದರಿಂದ ತಿಳಿಯುತ್ತದೆ. ಅವರ ಇನ್‌ಸ್ಪೆಕ್ಟರ್ ಬಂದು ನಿಂತು, ನೂರರಲ್ಲಿ ಐದನ್ನು ಎತ್ತಿ, ಒಂದನ್ನು ಕತ್ತರಿಸಿ, ಒಳಗೆ ಗಾಳಿಗುಳ್ಳೆ ಕಂಡರೆ ಇಡೀ ಲಾಟನ್ನೇ ವಾಪಸು ಕಳಿಸುತ್ತಾನೆ. ಆ ರಾತ್ರಿ ನಮಗೆ ಊಟ ಸೇರುತ್ತಿರಲಿಲ್ಲ. ನಾನು ಕಲಿತ ಗುಣಮಟ್ಟವೆಲ್ಲ ಆ ವಾಪಸು ಬಂದ ಲಾರಿಗಳಿಂದ ಕಲಿತದ್ದು.

ಈಗ ಬಾಣಸಿಗರ ಒಪ್ಪಂದವನ್ನು ಯೋಚಿಸಿ. ಇಂಥ ಬಹುಪಾಲು ಒಪ್ಪಂದಗಳಲ್ಲಿ ಇರುವುದು ಎಷ್ಟು ದಿನ ಚಿತ್ರೀಕರಣ, ಎಷ್ಟು ಫೋಟೋ, ಮಾರಾಟದಲ್ಲಿ ಎಷ್ಟು ಪಾಲು ಎಂಬ ಮಾತು. ತಗಡಿನ ದಪ್ಪ ಕಡಿಮೆಯಾಯಿತೆಂದು ಲಾರಿ ವಾಪಸು ಕಳಿಸುವ ಕೆಲಸ ಅವರದಲ್ಲ. ಅಂಥ ಹಟಮಾರಿಗಳು ಕೆಲವರು ಇರಬಹುದು, ಅವರಿಗೆ ನಮಸ್ಕಾರ. ತಂಗಿಯ ತವಾದ ಮೇಲೆ ಸಹಿ ಇತ್ತು, ಬ್ಯಾಚ್ ನಂಬರ್ ಇರಲಿಲ್ಲ. ಅದನ್ನು ನೋಡಿಯೇ ನನಗೆ ಅರ್ಧ ತಿಳಿಯಿತು.

ಉಳಿದರ್ಧವನ್ನು ದಪ್ಪ ಅಳೆಯುವ ವರ್ನಿಯರ್ ಕ್ಯಾಲಿಪರ್ ಹೇಳಿತು. ಪೆಟ್ಟಿಗೆಯ ಮೇಲೆ “4 ಮಿ.ಮೀ. ಗಟ್ಟಿ ತಳ” ಎಂದಿದೆ. ಅಂಚಿನಲ್ಲಿ ಅಳೆದರೆ 2.3. ಅಂಚಿನ ಮೇಲ್ಭಾಗವನ್ನು ಸ್ವಲ್ಪ ಹೊರಕ್ಕೆ ಮಡಿಸಿದ್ದಾರೆ, ನೋಡಿದವರಿಗೆ ದಪ್ಪ ಕಾಣುತ್ತದೆ. ಹಾಗಾದರೆ ನಾಲ್ಕು ಎಲ್ಲಿಂದ ಬಂತು? ಇಂಡಕ್ಷನ್ ಒಲೆಗಾಗಿ ತಳಕ್ಕೆ ತೂತುಗಳಿರುವ ಒಂದು ಉಕ್ಕಿನ ಬಿಲ್ಲೆಯನ್ನು ಒತ್ತಿ ಕೂರಿಸಿದ್ದಾರೆ. ಆ ಒಲೆಗೆ ಅಯಸ್ಕಾಂತಕ್ಕೆ ಅಂಟುವ ತಳ ಬೇಕು; ಅಲ್ಯೂಮಿನಿಯಂ ಅಂಟದ ಲೋಹ, ಹಾಗಾಗಿ ಆ ಬಿಲ್ಲೆ. ಬಿಲ್ಲೆ, ಅದರ ಸುತ್ತಲಿನ ಉಬ್ಬು, ಬಣ್ಣ ಎಲ್ಲ ಸೇರಿ ಒಂದು ಕಡೆ ಮಾತ್ರ ನಾಲ್ಕರ ಹತ್ತಿರ ಬರುತ್ತದೆ. ಸುಳ್ಳೆಂದು ಹೇಳಲಾಗದಂತೆ ಬರೆದ ಸುಳ್ಳು.

ತವಾ ಬುಗುರಿಯಾಗಲು ಕಾರಣವೂ ಈ ಬಿಲ್ಲೆಯೇ. ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿನ ಎರಡು ಪಟ್ಟು ಹಿಗ್ಗುತ್ತದೆ. 18 ಸೆಂಟಿಮೀಟರ್ ಅಗಲದ ಈ ತಳ 30 ಡಿಗ್ರಿಯಿಂದ 230 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ಅಲ್ಯೂಮಿನಿಯಂ ಸುಮಾರು 0.8 ಮಿಲಿಮೀಟರ್ ಹಿಗ್ಗಬೇಕು, ಉಕ್ಕು 0.4ರಷ್ಟು. ಇಬ್ಬರನ್ನೂ ಒಂದೇ ನೊಗಕ್ಕೆ ಕಟ್ಟಿದೆ. ಒಬ್ಬ ಓಡುತ್ತಾನೆ, ಇನ್ನೊಬ್ಬ ಜಗ್ಗುತ್ತಾನೆ. ಒಲೆಯ ಮೇಲೆ ತವಾದ ನಡು ಮೇಲಕ್ಕೆ ಏಳುತ್ತದೆ, ಎಣ್ಣೆ ಅಂಚಿಗೆ ಹರಿದುಹೋಗುತ್ತದೆ. ದೋಸೆ ನಡುವೆ ಸೀದು ಅಂಚಿನಲ್ಲಿ ಹಸಿಯಾಗಿ ಉಳಿದರೆ ಅದು ಹಿಟ್ಟಿನ ತಪ್ಪಲ್ಲ. ಅಲ್ಯೂಮಿನಿಯಂ ಮೆತ್ತನೆಯ ಲೋಹ. ಬಿಸಿಯಲ್ಲಿ ಒತ್ತಿಸಿಕೊಂಡದ್ದು ಆರಿದ ಮೇಲೆ ಮೊದಲಿನ ಅಳತೆಗೆ ಮರಳುವುದಿಲ್ಲ. ದಿನಗಳೆದಂತೆ ತಣ್ಣಗಿರುವಾಗಲೂ ಹೊಟ್ಟೆ ಕೆಳಗೆ ಬಂದು, ತವಾ ಕಟ್ಟೆಯ ಮೇಲೆ ತಿರುಗುತ್ತದೆ. ಬಿಸಿ ತವಾಕ್ಕೆ ತಣ್ಣೀರು ಸುರಿದರೆ ಈ ಕೆಲಸ ಬೇಗ ಮುಗಿಯುತ್ತದೆ. ತಗಡು ನಿಜಕ್ಕೂ ನಾಲ್ಕು ಮಿಲಿಮೀಟರ್ ಇದ್ದಿದ್ದರೆ ಬಹಳಷ್ಟು ತಡೆದುಕೊಳ್ಳುತ್ತಿತ್ತು. ತಯಾರಕರು ಹಣ ಉಳಿಸಿಕೊಂಡದ್ದು ಆ ದಪ್ಪದಲ್ಲಿ.

ಇನ್ನು ಲೇಪನ. ಇದರ ಮೂಲ ವಸ್ತುವನ್ನು 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಹಿಡಿದ. ನಾವೆಲ್ಲ ಟೆಫ್ಲಾನ್ ಎಂದು ಕರೆಯುವುದು ಅದನ್ನೇ. ಅದಕ್ಕೆ ಯಾವುದೂ ಅಂಟುವುದಿಲ್ಲ. ಹಾಗಾದರೆ ಅದು ತವಾಕ್ಕೆ ಹೇಗೆ ಅಂಟಿತು? ಕಸುಬಿನ ಗುಟ್ಟು ಇರುವುದೇ ಇಲ್ಲಿ. ಲೋಹದ ಮೈಯನ್ನು ಮರಳಿನಂಥ ಕಣಗಳಿಂದ ಹೊಡೆದು ಒರಟು ಮಾಡಿ, ಆ ಒರಟಿಗೆ ಮೊದಲ ಪದರ ಕಚ್ಚಿಕೊಳ್ಳುವಂತೆ ಮಾಡಿ, ಮೇಲೆ ಮತ್ತೆ ಪದರಗಳನ್ನು ಸಿಂಪಡಿಸಿ ಕುಲುಮೆಯಲ್ಲಿ ಬೇಯಿಸುತ್ತಾರೆ. ಅಗ್ಗದ ದಾರಿ ಬೇರೆ. ಚಪ್ಪಟೆ ಅಲ್ಯೂಮಿನಿಯಂ ತಗಡಿಗೆ ರೋಲರ್‌ನಿಂದ ಲೇಪನ ಬಳಿದು, ಆಮೇಲೆ ಪ್ರೆಸ್ಸಿನಲ್ಲಿ ಒತ್ತಿ ಆಕಾರ ಕೊಡುವುದು. ಹೀಗೆ ಮಾಡಿದಾಗ ಬಾಗಿದ ಕಡೆ ಲೇಪನ ಹಿಗ್ಗಿ ತೆಳುವಾಗುತ್ತದೆ, ಮೊದಲು ಸುಲಿಯುವುದು ಅಲ್ಲಿಯೇ. “ಗ್ರಾನೈಟ್”, “ಮಾರ್ಬಲ್” ಎಂದು ಮಾರುವ ತವಾಗಳಲ್ಲಿ ಸಾಮಾನ್ಯವಾಗಿ ಕಲ್ಲಿನ ಹಾಸು ಇರುವುದಿಲ್ಲ. ಇದೇ ಲೇಪನದ ಮೇಲೆ ಚಿಮುಕಿಸಿದ ಚುಕ್ಕೆಗಳು ಅವು. ನಮ್ಮ ಇಳಕಲ್ಲಿನ ಗ್ರಾನೈಟ್ ಗಣಿಯವರು ನೋಡಿದರೆ ನಗುತ್ತಾರೆ.

ತಂಗಿಯ ತವಾದ ನಡುಭಾಗ ಸುಲಿಯಲು ಕಾರಣ ಮಾತ್ರ ಬೇರೆ, ಅದನ್ನು ಅವಳಿಗೆ ಹೇಳುವಾಗ ನಾನು ಸ್ವಲ್ಪ ಅಳುಕಿದೆ. ಅವಳು ಅದರ ಮೇಲೆ ಜೋಳದ ರೊಟ್ಟಿ ಮಾಡಿದ್ದಳು. ನಮ್ಮ ಕಡೆಯ ರೊಟ್ಟಿಗೆ ಹಂಚು ಖಾಲಿಯಿರುವಾಗಲೇ ಚೆನ್ನಾಗಿ ಕಾಯಬೇಕು, ರೊಟ್ಟಿ ಬಿದ್ದ ಕೂಡಲೇ ಮೇಲೆ ನೀರು ಸವರಬೇಕು. ನಮ್ಮ ಮನೆಯ ಕಬ್ಬಿಣದ ಹಂಚಿನ ಬಿಸಿಯನ್ನು ಕಾರ್ಖಾನೆಯ ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಒಮ್ಮೆ ಅಳೆದಿದ್ದೆ. ರೊಟ್ಟಿ ಹಾಕುವ ಹೊತ್ತಿಗೆ 270 ಡಿಗ್ರಿಯ ಆಸುಪಾಸು ಇತ್ತು. ಟೆಫ್ಲಾನ್ ಲೇಪನ 260 ಡಿಗ್ರಿ ದಾಟಿದರೆ ಕೆಡಲು ತೊಡಗುತ್ತದೆ. ದೊಡ್ಡ ಉರಿಯ ಮೇಲೆ ಖಾಲಿ ಇಟ್ಟ ತೆಳು ಅಲ್ಯೂಮಿನಿಯಂ ಅಲ್ಲಿಗೆ ಮುಟ್ಟಲು ಕೆಲವೇ ನಿಮಿಷ ಸಾಕು. ಇನ್ನೂ ಬಹಳ ಕಾದರೆ ಬರುವ ಹೊಗೆ ಮನುಷ್ಯರಿಗೆ ಜ್ವರ ತರಿಸಬಹುದು, ಪಂಜರದ ಹಕ್ಕಿಗಳನ್ನು ಕೊಂದದ್ದೂ ಉಂಟು. ಸುಲಿದ ಚೂರು ಹೊಟ್ಟೆಗೆ ಹೋಯಿತೆಂದು ತಂಗಿ ಹೆದರಿದ್ದಳು. ಅದು ಜಡ ವಸ್ತು, ಕರಗದೆ ಹೊರಗೆ ಹೋಗುತ್ತದೆ ಎಂದು ಸಮಾಧಾನ ಹೇಳಿದೆ.

“ಹಾಗಾದರೆ ತಪ್ಪು ನನ್ನದೇ ಎನ್ನುತ್ತೀಯಾ?” ಎಂದಳು. ಪೆಟ್ಟಿಗೆ ತಿರುಗಿಸಿ ತೋರಿಸಿದೆ. ಬಾಣಸಿಗರ ಮುಖದ ಪಕ್ಕದಲ್ಲೇ “ರೊಟ್ಟಿ, ಚಪಾತಿ, ದೋಸೆ ಎಲ್ಲಕ್ಕೂ” ಎಂದು ದೊಡ್ಡ ಅಕ್ಷರದಲ್ಲಿದೆ. ಒಳಗಿನ ಚೀಟಿಯಲ್ಲಿ, ನನ್ನ ಓದುವ ಕನ್ನಡಕಕ್ಕೂ ಕಷ್ಟವಾಗುವ ಅಕ್ಷರದಲ್ಲಿ, “ಖಾಲಿ ಕಾಯಿಸಬಾರದು, ಸಣ್ಣ ಉರಿ ಮಾತ್ರ” ಎಂದಿದೆ. ಗ್ಯಾರಂಟಿ ಕಾರ್ಡಿನಲ್ಲಿ ಲೇಪನದ ಸವೆತಕ್ಕೆ ಹೊಣೆಯಿಲ್ಲ ಎಂದಿದೆ. ಲೇಪನಕ್ಕೆಂದೇ ಕೊಳ್ಳುವ ವಸ್ತುವಿಗೆ ಲೇಪನ ಬಿಟ್ಟು ಉಳಿದದ್ದಕ್ಕೆ ಗ್ಯಾರಂಟಿ!

ಹಿಡಿಕೆಯ ಕಥೆ ಚಿಕ್ಕದು: ಒಂದೇ ಸ್ಕ್ರೂ, ಮೆತ್ತನೆಯ ಲೋಹದಲ್ಲಿ ಕೊರೆದ ತಿರುಪಿನ ಗೆರೆ, ದಿನವೂ ಉರಿಯ ಬಿಸಿ. ಎರಡು ರಿವೆಟ್ ಹೊಡೆದಿದ್ದರೆ ಈ ಮಾತೇ ಇರುತ್ತಿರಲಿಲ್ಲ.

ಸ್ಟೀಲ್ ಸೆಟ್ಟುಗಳ ಬಗ್ಗೆಯೂ ಕೇಳುವವರಿದ್ದಾರೆ. ಗಣಪತ ಗಲ್ಲಿಯ ಅಂಗಡಿಗಳಲ್ಲಿ ಅಯಸ್ಕಾಂತ ಹಿಡಿದು “ನೋಡಿ, ಅಂಟುವುದಿಲ್ಲ, ಅಸಲಿ ಮಾಲು” ಎಂದು ತೋರಿಸುವುದನ್ನು ನೋಡಿದ್ದೇನೆ. ಈ ಪರೀಕ್ಷೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಒಳ್ಳೆಯ 304 ದರ್ಜೆಯೂ ಅಂಟುವುದಿಲ್ಲ, ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿದ ಅಗ್ಗದ 202 ದರ್ಜೆಯೂ ಅಂಟುವುದಿಲ್ಲ. ಉಪ್ಪು, ಹುಣಸೆಹುಳಿ ಬಿದ್ದಾಗ ಚುಕ್ಕಿ ಚುಕ್ಕಿಯಾಗಿ ತೂತು ಬೀಳುವುದು ಎರಡನೆಯದಕ್ಕೆ ಬೇಗ. ದರ್ಜೆ ಎಲ್ಲಿ ಬರೆದಿದೆ ಎಂದು ಕೇಳಿ. ಸ್ಟೀಲ್ ಮತ್ತು ಅಲ್ಯೂಮಿನಿಯಂ ಪಾತ್ರೆಗಳಿಗೆ ಐಎಸ್‌ಐ ಗುರುತು ಕಡ್ಡಾಯ ಮಾಡುವ ಆದೇಶವನ್ನು ಕೇಂದ್ರ ಸರ್ಕಾರ 2024ರ ಮಾರ್ಚ್ 14ರಂದು ಹೊರಡಿಸಿದೆ. ಪ್ರೆಶರ್ ಕುಕ್ಕರಿಗೆ ಅದಕ್ಕೂ ಮೊದಲೇ, 2021ರಿಂದ ಇದೆ. ಕುಕ್ಕರಿನ ವಿಷಯದಲ್ಲಂತೂ ಯಾರ ಮುಖವಿದ್ದರೂ ಆ ಗುರುತಿಲ್ಲದಿದ್ದರೆ ಮನೆಗೆ ತರಬೇಡಿ.

ಪೆಟ್ಟಿಗೆಯಲ್ಲಿ ನಾನು ಓದುವುದು ಹಿಂಬದಿಯನ್ನು. ಪೊಟ್ಟಣ ಮಾಡಿದ ಸರಕಿನ ಮೇಲೆ ತಯಾರಿಸಿದವರ ಇಲ್ಲವೇ ಆಮದು ಮಾಡಿದವರ ಹೆಸರು, ವಿಳಾಸ, ಹೊರದೇಶದ್ದಾದರೆ ಯಾವ ದೇಶ ಎಂಬುದು ಇರಲೇಬೇಕು. ಮಾರುವವರ ಹೆಸರು ಒಂದು, ತಯಾರಕರ ಹೆಸರು ಇನ್ನೊಂದು ಇದ್ದರೆ, ನಿಮ್ಮ ತವಾ ಹುಟ್ಟಿದ್ದು ಆ ಎರಡನೆಯ ವಿಳಾಸದಲ್ಲಿ. ಅದೇ ತಯಾರಕರ ಅಂಥದೇ ತವಾ ಮುಖವಿಲ್ಲದ ಪೆಟ್ಟಿಗೆಯಲ್ಲಿ ಬಹಳ ಕಡಿಮೆ ಬೆಲೆಗೆ ಸಿಕ್ಕದ್ದೂ ಉಂಟು.

ತಾರೆಯರಿಗೆ ಹೊಣೆಯೇ ಇಲ್ಲವೆಂದು ತಿಳಿಯಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 21ನೆಯ ಕಲಮಿನ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿನಲ್ಲಿ ಕಾಣಿಸಿಕೊಂಡವರಿಗೂ 10 ಲಕ್ಷ ರೂಪಾಯಿಯವರೆಗೆ ದಂಡ ಹಾಕಬಹುದು. ಹೇಳಿಕೆ ನಿಜವೇ ಎಂದು ಮೊದಲೇ ತಕ್ಕಷ್ಟು ವಿಚಾರಿಸಿದ್ದರೆ ಮಾತ್ರ ವಿನಾಯಿತಿ. ಕೊಂಡವರು ಮಾಡಬೇಕಾದ್ದು ಸರಳ: ಬಿಲ್ಲು, ಪೆಟ್ಟಿಗೆ ಎಸೆಯಬೇಡಿ, ಫೋಟೋ ತೆಗೆದಿಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದಕ್ಕೂ ಬಗ್ಗದಿದ್ದರೆ ಎರಡು ವರ್ಷದೊಳಗೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗಕ್ಕೇ ಹೋಗಬಹುದು. ಕಂಪನಿ ಮುಂಬೈಯಲ್ಲಿದೆ ಎಂದು ಮುಂಬೈಗೆ ಅಲೆಯಬೇಕಿಲ್ಲ. ಐದು ಲಕ್ಷದೊಳಗಿನ ಖರೀದಿಗೆ ಶುಲ್ಕವೂ ಇಲ್ಲ.

ತಂಗಿ 1915ಕ್ಕೆ ದೂರು ಕೊಟ್ಟಳು. ಎರಡು ವಾರ ಕಳೆದ ಮೇಲೆ ಬೈಲಹೊಂಗಲದ ಅವಳ ಮನೆಗೆ ಹೊಸ ತವಾ ಬಂತು, ಹಳೆಯದನ್ನು ಯಾರೂ ಕೇಳಲಿಲ್ಲ. ನಾನು ಹೋದಾಗ ಜೇಬಿನಲ್ಲಿ ಕ್ಯಾಲಿಪರ್ ಇಟ್ಟುಕೊಂಡೇ ಹೋದೆ. 2.3. ಅವಳು ಅಷ್ಟರಲ್ಲಿ ಸಂತೆಯಿಂದ ಕಬ್ಬಿಣದ ಹಂಚು ತಂದು ರೊಟ್ಟಿ ಮಾಡಲು ತೊಡಗಿದ್ದಳು. ಎರಡು ಕಿಲೋ ತೂಕದ್ದು. ಹೊಸ ತವಾ ಪೆಟ್ಟಿಗೆಯಲ್ಲೇ ಅಟ್ಟದ ಮೇಲಿದೆ. ಮುಂದಿನ ತಿಂಗಳು ಗೋಕಾಕದಲ್ಲಿ ನಮ್ಮ ನೆಂಟರ ಮದುವೆ, ಅದನ್ನು ಆಹೇರಿಗೆ ಕೊಟ್ಟುಬಿಡಲೇ ಎಂದು ಕೇಳಿದಳು. ಹಾಳಾದರೆ ಮದುಮಗಳು ಅದನ್ನು ತಂದು ಇಡುವುದು ನನ್ನ ಮುಂದೆಯೇ, ಬೇಡ ಎಂದೆ.