ಅಂಗ್‌ಕೋರ್ ವಾಟ್‌ನಲ್ಲಿ ವಿಷ್ಣುವಿಗೆ ಪೂಜೆ ಮಾಡಬಹುದೇ?

ಪ್ರಶ್ನೆ: ಕಾಂಬೋಡಿಯಾಕ್ಕೆ ಹೊರಟಿದ್ದೇವೆ. ಅಂಗ್‌ಕೋರ್ ವಾಟ್ ಮೂಲದಲ್ಲಿ ವಿಷ್ಣುವಿನ ದೇವಸ್ಥಾನ ತಾನೇ? ಬೌದ್ಧರು ಅದನ್ನು ಆಕ್ರಮಿಸಿಕೊಂಡಿದ್ದಾರಂತೆ. ನಮ್ಮಂಥವರಿಗೆ ಅಲ್ಲಿ ಪೂಜೆ ಮಾಡಲು ಬಿಡುತ್ತಾರೆಯೇ?

ಉತ್ತರ: ಬಿಡುತ್ತಾರೆ. ಅರ್ಚನೆ, ಮಂಗಳಾರತಿ, ಗೋತ್ರ–ನಕ್ಷತ್ರ ಯಾವುದೂ ಇಲ್ಲ. ತಾವರೆ ಮೊಗ್ಗು, ಊದಿನಕಡ್ಡಿ ಹಿಡಿದು ಹೋಗಿ, ಕೈಮುಗಿದು ಬನ್ನಿ. ತೆಂಗಿನಕಾಯಿ ಒಡೆಯುವ ಸಾಹಸ ಬೇಡ. ಭುಜವೂ ಮೊಣಕಾಲೂ ಮುಚ್ಚುವ ಬಟ್ಟೆ ಇರಲಿ. ಬುದ್ಧನ ಮುಂದೆ ಚಾಪೆ ಹಾಸಿದ್ದರೆ ಚಪ್ಪಲಿ ಬಿಟ್ಟು ಕೂರಬೇಕು, ಕಾಲು ಅವನ ಕಡೆಗೆ ಚಾಚಬಾರದು. ಹೆಂಗಸರು ಭಿಕ್ಷುಗಳನ್ನು ಮುಟ್ಟುವಂತಿಲ್ಲ. ಎಲ್ಲಕ್ಕಿಂತ ಮೇಲಿನ ಹಂತ ಬಾಕನ್. ಬೌದ್ಧರ ಶೀಲದ ದಿನಗಳಲ್ಲಿ, ಅಂದರೆ ಅವರ ವ್ರತದ ದಿನಗಳಲ್ಲಿ, ಅಲ್ಲಿಗೆ ಪ್ರವಾಸಿಗರನ್ನು ಹತ್ತಿಸುವುದಿಲ್ಲ. ಆ ದಿನಗಳು ನಮ್ಮ ಅಷ್ಟಮಿ, ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲೇ ಬರುವುದರಿಂದ ವಿಮಾನದ ಟಿಕೆಟ್ ತೆಗೆಯುವ ಮುನ್ನ ಪಂಚಾಂಗ ಒಮ್ಮೆ ನೋಡಿಕೊಳ್ಳಿ. ಪೂಜೆಗೆ ಬಂದವರು ಅಂದರೂ ವಿದೇಶಿಯರಿಗೆ ಪ್ರವೇಶದ ಪಾಸಿನ ದುಡ್ಡು ತಪ್ಪುವುದಿಲ್ಲ.

ಕೇಳಿದ್ದಕ್ಕೆ ಉತ್ತರ ಇಷ್ಟೇ. ಆದರೆ ಆ ‘ಆಕ್ರಮಿಸಿಕೊಂಡಿದ್ದಾರಂತೆ’ಯನ್ನು ಹಾಗೇ ಬಿಡಲು ಮನಸ್ಸಾಗುತ್ತಿಲ್ಲ. ಎಷ್ಟು ಸಲ ಬರೆದರೂ ವಾಟ್ಸಾಪಿನಲ್ಲಿ ಮತ್ತೆ ಚಿಗುರುತ್ತದೆ, ಪ್ರತಿ ಸಲವೂ ಒಂದಿಷ್ಟು ಹೆಚ್ಚು ಬೆಂಕಿ, ಹೆಚ್ಚು ಕತ್ತಿಯೊಂದಿಗೆ.

ಗುಡಿ ಕಟ್ಟಿಸಿದವನು ಅಲ್ಲಿನ ದೊರೆ ಎರಡನೆಯ ಸೂರ್ಯವರ್ಮ, 12ನೇ ಶತಮಾನದ ಮೊದಲರ್ಧದಲ್ಲಿ, ವಿಷ್ಣುವಿಗಾಗಿ. ಇದರಲ್ಲಿ ತಕರಾರಿಲ್ಲ. ಅದೇ ಶತಮಾನದ ಕೊನೆಗೆ, 1181ರಲ್ಲಿ, ಪಟ್ಟಕ್ಕೆ ಬಂದ ಏಳನೆಯ ಜಯವರ್ಮ ಬೌದ್ಧ, ಮಹಾಯಾನ ಪಂಥದವನು. ಅವನು ಮಾಡಿದ್ದೇನು? ಬಾಯನ್, ತಾ ಪ್ರೋಮ್, ಪ್ರೇಹ್ ಖಾನ್ ಎಂದು ತನ್ನವೇ ಹೊಸ ಗುಡಿಗಳನ್ನು ಸಾಲುಸಾಲಾಗಿ ಕಟ್ಟಿಸಿದ. ಪ್ರೇಹ್ ಖಾನ್‌ನಲ್ಲಂತೂ ಬುದ್ಧನ ಜೊತೆಗೆ ಶಿವನಿಗೂ ವಿಷ್ಣುವಿಗೂ ಜಾಗ ಕೊಟ್ಟ.

ಆಮೇಲೆ ವಿಗ್ರಹ ಒಡೆದದ್ದು ನಿಜ. ಒಡೆಸಿಕೊಂಡವನು ಮಾತ್ರ ಬುದ್ಧ. 13ನೇ ಶತಮಾನದಲ್ಲಿ, ಬಹುತೇಕ ವಿದ್ವಾಂಸರ ಪ್ರಕಾರ ಶೈವನಾದ ಎಂಟನೆಯ ಜಯವರ್ಮನ ಕಾಲದಲ್ಲಿ, ಗೋಡೆಗಳ ಮೇಲಿನ ಬುದ್ಧರನ್ನು ಉಳಿ ಹಿಡಿದು ಕೆತ್ತಿ ತೆಗೆದರು. ಪ್ರೇಹ್ ಖಾನ್‌ನ ನರ್ತಕಿಯರ ಮಂಟಪಕ್ಕೆ ಹೋದಾಗ ತಲೆಯೆತ್ತಿ ನೋಡಿ. ಕುಣಿಯುವ ಅಪ್ಸರೆಯರ ಸಾಲು ಚೆನ್ನಾಗಿದೆ, ಅದರ ಮೇಲಿನ ಗೂಡುಗಳು ಖಾಲಿ, ಒಳಗೆ ಉಳಿ ಕಚ್ಚಿದ ಒರಟು ಕಲ್ಲು. ಕೆಲವು ಕಡೆ ಬುದ್ಧನಿಗೆ ಗಡ್ಡ ಬಿಡಿಸಿ ಋಷಿ ಮಾಡಿದ್ದಾರೆ, ಕೆಲವು ಕಡೆ ಲಿಂಗ ಮಾಡಿದ್ದಾರೆ. ಬಾಯನ್‌ನ ದೊಡ್ಡ ಬುದ್ಧ 1933ರಲ್ಲಿ ಸಿಕ್ಕಿದ್ದು ನಡುಗೋಪುರದ ಕೆಳಗಿನ ಗುಂಡಿಯಲ್ಲಿ, ಚೂರುಚೂರಾಗಿ. ಇದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಇಂದು ಅಲ್ಲಿರುವ ಬೌದ್ಧ ಪಂಥ ಥೇರವಾದ. ಅದು ಬಂದದ್ದು ಹೀಗೆ ಉಳಿ ಸುತ್ತಿಗೆ ಹಿಡಿದಲ್ಲ. 1296ರಲ್ಲಿ ಅಲ್ಲಿಗೆ ಹೋದ ಚೀನೀ ರಾಯಭಾರ ತಂಡದ ಝೌ ದಾಗುವಾನ್ ಕಂಡದ್ದನ್ನು ಬರೆದಿಟ್ಟಿದ್ದಾನೆ: ಪಂಡಿತರಿದ್ದರು, ಶಿವಭಕ್ತ ತಪಸ್ವಿಗಳಿದ್ದರು, ತಲೆ ಬೋಳಿಸಿ ಹಳದಿ ಬಟ್ಟೆ ಉಟ್ಟ ಭಿಕ್ಷುಗಳೂ ಇದ್ದರು. ಒಂದೇ ಊರಲ್ಲಿ. ವಿಷ್ಣುವನ್ನು ಪೂಜಿಸುತ್ತಿದ್ದವರ ಮರಿಮಕ್ಕಳೇ ಬುದ್ಧನಿಗೆ ದೀಪ ಹಚ್ಚತೊಡಗಿದರು. ಹೊರಗಿನಿಂದ ಯಾರೋ ಬಂದು ಇವರ ಗುಡಿ ಕಿತ್ತುಕೊಂಡದ್ದಲ್ಲ. ತಮ್ಮದೇ ಮನೆಯನ್ನು ಆಕ್ರಮಿಸಿಕೊಳ್ಳುವುದು ಹೇಗೆ, ನೀವೇ ಹೇಳಿ.

ಇಷ್ಟಕ್ಕೂ ಒಪ್ಪದವರು ಅಂಗ್‌ಕೋರ್ ವಾಟ್‌ನ ಈಶಾನ್ಯ ಮೂಲೆಯ ಪಡಸಾಲೆಗೆ ಹೋಗಿ ನಿಲ್ಲಲಿ. ಸೂರ್ಯವರ್ಮನ ಶಿಲ್ಪಿಗಳು ಅಲ್ಲಿನ ಗೋಡೆಯನ್ನು ಅರ್ಧಕ್ಕೇ ಬಿಟ್ಟಿದ್ದರು. 16ನೇ ಶತಮಾನದಲ್ಲಿ ಅದನ್ನು ಪೂರ್ತಿ ಮಾಡಿಸಿದವನು ಆಂಗ್ ಚಾನ್ ಎಂಬ ಬೌದ್ಧ ದೊರೆ. ಕೆತ್ತಿಸಿದ್ದು ಏನನ್ನು? ಕೃಷ್ಣ ಬಾಣಾಸುರನನ್ನು ಸೋಲಿಸುವ ಕತೆಯನ್ನು! ನಮ್ಮ ಉಷಾ–ಅನಿರುದ್ಧರ ಪ್ರಸಂಗವೇ. ಕೆತ್ತನೆ ಹಳೆಯದರಷ್ಟು ನಾಜೂಕಾಗಿಲ್ಲ, ಅದು ಬೇರೆ ಮಾತು. ಗುಡಿ ಕಿತ್ತುಕೊಂಡವರು ಕೃಷ್ಣನ ಕತೆ ಮುಗಿಸಿಕೊಡುತ್ತಾರೆಯೇ?

ಇನ್ನು ವಿಷ್ಣು. ಪಶ್ಚಿಮದ ಹೆಬ್ಬಾಗಿಲಿನ ದಕ್ಷಿಣ ಭಾಗದಲ್ಲಿ ಎಂಟು ಕೈಗಳ ಆಳೆತ್ತರ ಮೀರಿದ ಮೂರ್ತಿ ಇದೆ. ಹೊಳೆಯುವ ಬಟ್ಟೆ ಉಡಿಸಿ, ಮುಂದೆ ಹಣ್ಣು, ಹೂವು, ಊದಿನಕಡ್ಡಿ ಇಟ್ಟಿರುತ್ತಾರೆ. ಊರವರು ಕರೆಯುವುದು ತಾ ರೀಚ್ ಎಂದು. ಅವರಿಗೆ ಇವನು ನಮ್ಮ ಗ್ರಾಮದೇವತೆಯಂತೆ, ಜಾಗ ಕಾಯುವವನು, ಹರಕೆ ಕೇಳುವವನು. ನೀವು ಪೂಜೆ ಮಾಡಬೇಕೆಂದಿದ್ದ ವಿಷ್ಣು ಇವನೇ. ಬೌದ್ಧರು ದಿನಾ ಪೂಜಿಸುತ್ತಿದ್ದಾರೆ, ನೀವೂ ಸಾಲಿನಲ್ಲಿ ನಿಲ್ಲಿ. ಗರ್ಭಗುಡಿಯಲ್ಲಿ ಹುಡುಕಬೇಡಿ. ನಡುಗೋಪುರದ ಬಾಗಿಲುಗಳಿಗೆ ಹಿಂದೆಯೇ ಕಲ್ಲು ತುಂಬಿ, ಆ ಕಲ್ಲಿನ ಮೇಲೆ ನಿಂತ ಬುದ್ಧರನ್ನು ಕೆತ್ತಿದರು.

ಇದರ ಬಾಲದಂತೆ ಇನ್ನೊಂದು ಕತೆ ಓಡಾಡುತ್ತದೆ, ಕಾಡಿನಲ್ಲಿ ಕಳೆದುಹೋಗಿದ್ದ ಗುಡಿಯನ್ನು 1860ರಲ್ಲಿ ಫ್ರಾನ್ಸಿನ ಹೆನ್ರಿ ಮೂಓ ಪತ್ತೆ ಹಚ್ಚಿದ ಎಂದು. ಅವನು ಹೋದಾಗ ಭಿಕ್ಷುಗಳು ಅಲ್ಲೇ ವಾಸವಾಗಿದ್ದರು. ಮುಂಭಾಗದಲ್ಲಿದ್ದ ಅವರ ವಸತಿಯನ್ನು ನೋಟಕ್ಕೆ ಅಡ್ಡಿಯೆಂದು ಪಕ್ಕಕ್ಕೆ ಸರಿಸಿದವರು 20ನೇ ಶತಮಾನದ ಫ್ರೆಂಚರು. ಇಂದಿಗೂ ಆವರಣದೊಳಗೆ ಎರಡು ವಿಹಾರಗಳಿವೆ.

ಯಾರೂ ಕೇಳದಿದ್ದರೂ ಹೇಳಿಬಿಡುತ್ತೇನೆ. ಮೂಓಗಿಂತ ಎರಡು ಶತಮಾನ ಮೊದಲೇ ಜಪಾನಿನಿಂದ ಯಾತ್ರಿಕರು ಬರುತ್ತಿದ್ದರು, ಅದೂ ತಪ್ಪು ವಿಳಾಸ ಹಿಡಿದು! ನಮ್ಮ ಉತ್ತರ ಭಾರತದ ಶ್ರಾವಸ್ತಿಯಲ್ಲಿ ಅನಾಥಪಿಂಡಿಕನೆಂಬ ವರ್ತಕ ಬುದ್ಧನಿಗೆ ಕೊಟ್ಟ ಜೇತವನವೆಂಬ ವಿಹಾರ ಇದೇ ಎಂದು ಅವರು ನಂಬಿದ್ದರು. 1632ರಲ್ಲಿ ಮೊರಿಮೊತೊ ಎಂಬ ಸಮುರಾಯಿ ನಾಲ್ಕು ಬುದ್ಧ ವಿಗ್ರಹ ಅರ್ಪಿಸಿ, ತಂದೆತಾಯಿಯ ಹೆಸರಲ್ಲಿ ಪುಣ್ಯ ಕೋರಿ, ಅದನ್ನೆಲ್ಲ ಕಂಬವೊಂದರ ಮೇಲೆ ಮಸಿಯಲ್ಲಿ ಬರೆದ. ಇನ್ಯಾರೋ ಜೇತವನವೆಂದೇ ಇದರ ನಕ್ಷೆ ಬರೆದುಕೊಂಡು ಊರಿಗೆ ಒಯ್ದರು. ಆ ನಕ್ಷೆಯ 18ನೇ ಶತಮಾನದ ಪ್ರತಿ ಜಪಾನಿನ ಮಿತೊದಲ್ಲಿದೆ. ಮೊರಿಮೊತೊನ ಬರಹ ನೋಡಬೇಕಿದ್ದರೆ ಅಂಗ್‌ಕೋರ್ ವಾಟ್‌ನೊಳಗಿನ ಪ್ರೇಹ್ ಪೋನ್ ಮಂಟಪದ ಕಂಬಗಳಲ್ಲಿ ಹುಡುಕಿ, ಮಸಿ ಬಹಳ ಮಾಸಿದೆ. ಅವನನ್ನು ನೋಡಿ ನೀವು ಪೆನ್ನು ತೆಗೆದೀರಿ, ಹುಷಾರು.