ಆಶ್ರಯ ಕೇಂದ್ರ: ಒಂದು ರಾತ್ರಿಯ ಹಾಸಿಗೆಯಿಂದ ಬಾಡಿಗೆ ಕರಾರಿನವರೆಗೆ

ವಸತಿರಹಿತರಿಗಾಗಿ ನಗರದಲ್ಲಿ ಆಶ್ರಯ ಕೇಂದ್ರವೊಂದು ತೆರೆದಾಗ ಅಲ್ಲಿ ಎಷ್ಟು ಹಾಸಿಗೆಗಳಿವೆ ಎಂಬುದೇ ಮೊದಲು ಸುದ್ದಿಯಾಗುತ್ತದೆ. ಅಲ್ಲಿಗೆ ಬಂದವರಲ್ಲಿ ಎಷ್ಟು ಮಂದಿ ಮತ್ತೆ ತಮ್ಮ ಕಾಲ ಮೇಲೆ ನಿಂತು ಬಾಡಿಗೆ ಮನೆ ಹಿಡಿದರು ಎಂಬ ಪ್ರಶ್ನೆ ಹುಟ್ಟಿದ್ದು ಬಹಳ ತಡವಾಗಿ. ಈ ಕೇಂದ್ರಗಳ ಇತಿಹಾಸವನ್ನು ನೋಡಿದರೆ ಅದರಲ್ಲಿ ಅಚ್ಚರಿಯೇನೂ ಇಲ್ಲ.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ, 1834ರ ಬಡವರ ಕಾಯ್ದೆಯ ನಂತರ ಎದ್ದ, ಬಡವರನ್ನು ಇರಿಸಿಕೊಂಡು ದುಡಿಸುತ್ತಿದ್ದ ವರ್ಕ್‌ಹೌಸ್‌ಗಳಲ್ಲಿ ಅಲೆಮಾರಿಗಳಿಗೆಂದು ‘ಕ್ಯಾಶುವಲ್ ವಾರ್ಡ್’ಗಳಿದ್ದವು. ಸಂಜೆ ಬಂದವನಿಗೆ ಸ್ನಾನ, ಒಂದಿಷ್ಟು ಬ್ರೆಡ್ಡು, ಮಲಗಲು ಜಾಗ ಸಿಗುತ್ತಿತ್ತು. ಅದರ ಋಣ ತೀರಿಸಲು ಅವನು ಕಲ್ಲು ಒಡೆಯಬೇಕಿತ್ತು, ಇಲ್ಲವೇ ಹಡಗಿನ ಹಳೆಯ ಹಗ್ಗವನ್ನು ಬೆರಳಿನಿಂದ ಎಳೆಎಳೆಯಾಗಿ ಬಿಡಿಸಬೇಕಿತ್ತು. 1882ರ ಕಾಯ್ದೆಯಂತೂ ಒಳಬಂದವನನ್ನು ಸಾಮಾನ್ಯವಾಗಿ, ಬಂದ ದಿನ ಬಿಟ್ಟು ಎರಡನೆಯ ದಿನದ ಬೆಳಿಗ್ಗೆ ಒಂಬತ್ತರವರೆಗೆ ಹೊರಬಿಡಬಾರದು ಎಂದಿತು. ದಿನಗೂಲಿಗೆ ಆಳು ಕರೆಯುತ್ತಿದ್ದುದು ನಸುಕಿನಲ್ಲಿ. ಒಂಬತ್ತಕ್ಕೆ ಹೊರಬಿದ್ದವನಿಗೆ ಅಂದಿನ ಕೂಲಿ ತಪ್ಪಿ, ರಾತ್ರಿಗೆ ಮತ್ತೊಂದು ವಾರ್ಡೇ ಗತಿಯಾಗುತ್ತಿತ್ತು. ಸೋಮಾರಿಗಳಿಗೆ ಪಾಠ ಕಲಿಸಲು ಮಾಡಿದ ನಿಯಮ ದುಡಿಯಲು ಹೊರಟವನನ್ನೇ ಕಟ್ಟಿಹಾಕಿತು.

1888ರಲ್ಲಿ ಸಾಲ್ವೇಷನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆ ಲಂಡನ್ನಿನ ಲೈಮ್‌ಹೌಸ್‌ನಲ್ಲಿ ತಂಗುದಾಣ ತೆರೆಯಿತು. ಅಲ್ಲಿ ಅಗ್ಗದ ದರಕ್ಕೆ ಊಟ, ಹಾಸಿಗೆ ದೊರೆಯುತ್ತಿದ್ದವು. ಲೆಕ್ಕ ಮಾತ್ರ ಆಗಲೂ ರಾತ್ರಿಗಳದ್ದೇ.

ದಾನವಾಗಿದ್ದ ಆಶ್ರಯ ಹಕ್ಕಿನ ಮಾತಾದದ್ದು ನ್ಯೂಯಾರ್ಕಿನ ಒಂದು ಮೊಕದ್ದಮೆಯಿಂದ. ಅಗತ್ಯವುಳ್ಳವರ ಪಾಲನೆ ಸಾರ್ವಜನಿಕ ಹೊಣೆ ಎಂದು ಆ ರಾಜ್ಯದ ಸಂವಿಧಾನದಲ್ಲಿದ್ದ ಮಾತನ್ನು ಹಿಡಿದು ವಕೀಲ ರಾಬರ್ಟ್ ಹೇಯ್ಸ್ 1979ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. 1981ರಲ್ಲಿ ನಗರಾಡಳಿತ ಒಪ್ಪಂದಕ್ಕೆ ಬಂತು. ಮಂಚ ಕನಿಷ್ಠ 30 ಅಂಗುಲ ಅಗಲವಿರಬೇಕು, ಶುಚಿಯಾದ ಹಾಸು, ಕಂಬಳಿ, ದಿಂಬು ಕೊಡಬೇಕು, ಸಾಮಾನಿಡಲು ಬೀಗ ಹಾಕುವಂಥ ವ್ಯವಸ್ಥೆ ಇರಬೇಕು ಎಂಬಷ್ಟು ವಿವರಕ್ಕೆ ಆ ಒಪ್ಪಂದ ಇಳಿದಿತ್ತು. ಈ ಬೀಗವನ್ನು ಕ್ಷುಲ್ಲಕವೆಂದುಕೊಳ್ಳಬಾರದು. ಗುರುತಿನ ಚೀಟಿ ಕಳುವಾದರೆ ಹೊಸದನ್ನು ಮಾಡಿಸಲು ವಿಳಾಸ ಕೇಳುತ್ತಾರೆ. ವಿಳಾಸವಿಲ್ಲದ್ದರಿಂದಲೇ ಆತ ಅಲ್ಲಿ ಮಲಗಿರುವುದು. ಚೀಟಿಯಿಲ್ಲದೆ ಬ್ಯಾಂಕ್ ಖಾತೆ ಇಲ್ಲ, ಎಷ್ಟೋ ಕಡೆ ಕೆಲಸವೂ ಇಲ್ಲ. ಆದ್ದರಿಂದಲೇ ಕೇಂದ್ರದ ವಿಳಾಸವನ್ನು ಕಾಗದಪತ್ರಕ್ಕೆ ಬಳಸಲು ಬಿಡುವುದು, ರಾತ್ರಿಪಾಳಿಯವನಿಗೆ ಹಗಲು ಮಲಗಲು ಅವಕಾಶ ಕೊಡುವುದು, ಸಿಕ್ಕ ಕೂಲಿಯಲ್ಲಿ ಮುಂಗಡಕ್ಕೆಂದು ಉಳಿಸಲು ನೆರವಾಗುವುದು ಹಾಸಿಗೆಯಷ್ಟೇ ಮುಖ್ಯ.

ಇಷ್ಟಾದರೂ ಹೊರಹೋಗುವ ದಾರಿಯ ಬಗ್ಗೆ ಜಗಳ ಉಳಿಯಿತು. ಬಹುಕಾಲ ನಡೆದುಬಂದದ್ದು ಮೆಟ್ಟಿಲು ಪದ್ಧತಿ: ಮೊದಲು ಕುಡಿತ ಬಿಡಬೇಕು, ಚಿಕಿತ್ಸೆ ಪಡೆಯಬೇಕು, ಶಿಸ್ತು ತೋರಿಸಬೇಕು, ಕೊನೆಗೆ ಮನೆ. ನಡುವೆ ಒಮ್ಮೆ ಜಾರಿದವನು ಮತ್ತೆ ಬೀದಿಗೆ. 1992ರಲ್ಲಿ ನ್ಯೂಯಾರ್ಕಿನಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ಈ ಕ್ರಮವನ್ನು ತಲೆಕೆಳಗು ಮಾಡಿ, ತೀವ್ರ ಮಾನಸಿಕ ಕಾಯಿಲೆಯುಳ್ಳವರಿಗೂ ಮೊದಲೇ ಮನೆಯ ಬೀಗದ ಕೈ ಕೊಟ್ಟು, ಚಿಕಿತ್ಸೆ ಅವರಿದ್ದಲ್ಲಿಗೇ ಹೋಗುವಂತೆ ಮಾಡಿದರು. ‘ಹೌಸಿಂಗ್ ಫಸ್ಟ್’ ಎಂದು ಹೆಸರಾದದ್ದು ಇದೇ. ಸೋಮಾರಿತನಕ್ಕೆ ಬಹುಮಾನ ಎಂಬ ಟೀಕೆ ಬಂತು. ಆದರೆ ಹೀಗೆ ಮನೆ ಪಡೆದವರಲ್ಲಿ ಬಹುಪಾಲು ಜನ ಅಲ್ಲೇ ನೆಲೆನಿಂತರು ಎಂದು ಕೆನಡಾದ ಐದು ನಗರಗಳಲ್ಲಿ ನಡೆದ ದೊಡ್ಡ ಪ್ರಯೋಗವೂ ಕಂಡುಕೊಂಡಿತು.

ಇದನ್ನು ದೇಶದ ನೀತಿಯನ್ನಾಗಿ ಮಾಡಿಕೊಂಡದ್ದು ಫಿನ್ಲೆಂಡ್. 2008ರಿಂದ ಅದು ಹಳೆಯ ತಂಗುದಾಣಗಳನ್ನು ಒಂದೊಂದಾಗಿ ಬಾಡಿಗೆ ಮನೆಗಳಾಗಿ ಪರಿವರ್ತಿಸಿತು. ಹೆಲ್ಸಿಂಕಿಯಲ್ಲಿ ಸಾಲ್ವೇಷನ್ ಆರ್ಮಿಯ ವಸತಿನಿಲಯವೂ ಹಾಗೆಯೇ ಬದಲಾಯಿತು. ಅಲ್ಲಿರುವವರು ಬಾಡಿಗೆ ಕರಾರಿಗೆ ಸಹಿ ಹಾಕಿದ ಬಾಡಿಗೆದಾರರು. 1980ರ ದಶಕದಲ್ಲಿ 18,000 ದಾಟಿದ್ದ ವಸತಿರಹಿತರ ಸಂಖ್ಯೆ 2022ರ ಹೊತ್ತಿಗೆ 4,000ಕ್ಕಿಂತ ಕೆಳಗಿಳಿಯಿತು. ಹಾಗೆಂದು ತುರ್ತು ಆಶ್ರಯ ಅಲ್ಲಿಯೂ ಪೂರ್ತಿ ಮುಚ್ಚಿಲ್ಲ. ನಡುರಾತ್ರಿ ಮನೆಯಿಂದ ಹೊರದೂಡಲ್ಪಟ್ಟವರಿಗೆ ಕರಾರು ತಯಾರಾಗುವವರೆಗೆ ಕಾಯಲು ಆಗದು. ಕೈಗೆಟುಕುವ ಬಾಡಿಗೆಯ ಮನೆಗಳೇ ಇಲ್ಲದ ನಗರದಲ್ಲಿ ಎಂಥ ಒಳ್ಳೆಯ ಕೇಂದ್ರವೂ ತನ್ನವರನ್ನು ಎಲ್ಲಿಗೂ ಕಳುಹಿಸಲಾರದು. ಸರ್ಕಾರ ವಸತಿ ಭತ್ಯೆಯನ್ನು ಕಡಿತಗೊಳಿಸಿದ 2024ರಲ್ಲಿ ಫಿನ್ಲೆಂಡಿನಲ್ಲೂ ವಸತಿರಹಿತರ ಸಂಖ್ಯೆ ಮತ್ತೆ ಏರಿತು.