ಜ್ವಾಲಾಮುಖಿ ಅಂದಮೇಲೆ ಬೆಚ್ಚಗಿರಬೇಕಲ್ವಾ?

ಪ್ರಶ್ನೆ: ಜುಲೈನಲ್ಲಿ ಐಸ್‌ಲ್ಯಾಂಡಿನ ಲಾಂಡ್‌ಮನ್ನಾಲೌಗರ್‌ಗೆ ಹೊರಟಿದ್ದೇವೆ. ಬಿಸಿನೀರಿನ ಕೊಳದಲ್ಲಿ ಸ್ನಾನ, ಎರಡು ದಿನ ಚಾರಣ. ಅದು ಜ್ವಾಲಾಮುಖಿ ಜಾಗ, ಬೆಚ್ಚಗಿರುತ್ತದೆ ಅಂದರು. ತಲೆಗೊಂದು ಸ್ವೆಟರ್ ಸಾಕಲ್ವಾ?

ಸಾಲದು.

ಪ್ರತಿ ವರ್ಷ ಇದೇ ಪ್ರಶ್ನೆ ವೇಷ ಬದಲಿಸಿ ಬರುತ್ತದೆ. ಒಬ್ಬರು ಸ್ವೆಟರ್ ಬಗ್ಗೆ ಕೇಳುತ್ತಾರೆ. ಇನ್ನೊಬ್ಬರಿಗೆ ಟೆಂಟಿನಲ್ಲಿ ತೆಳು ಸ್ಲೀಪಿಂಗ್ ಬ್ಯಾಗ್ ಸಾಕಾ ಅಂತ ಅನುಮಾನ. ಮತ್ತೊಬ್ಬರು ಜೀನ್ಸ್ ಹಾಕ್ಕೊಂಡೇ ನಡೆಯಬಹುದಾ ಅಂತಾರೆ. ಎಲ್ಲದರ ಹಿಂದಿರುವ ನಂಬಿಕೆ ಒಂದೇ: ನೆಲದ ಕೆಳಗೆ ಬೆಂಕಿ ಇದ್ದರೆ ಮೇಲೆ ಚಳಿ ಇರುವುದಿಲ್ಲ.

ಇದನ್ನು ಅಲ್ಲಗಳೆಯಲು ಪುಸ್ತಕ ಬೇಡ, ನಕ್ಷೆ ಸಾಕು. ಲಾಂಡ್‌ಮನ್ನಾಲೌಗರ್ ಇರುವುದು ಟೊರ್ಫಾಯೋಕುಲ್ ಎಂಬ ಜ್ವಾಲಾಮುಖಿಯ ದೊಡ್ಡ ಕುಳಿಯಲ್ಲಿ. ಅದೇ ಕುಳಿಯ ಅಂಚಿನಲ್ಲಿ ಒಂದು ಹಿಮನದಿ ಕೂತಿದೆ. ಸ್ವಲ್ಪ ದಕ್ಷಿಣಕ್ಕೆ ಕಟ್ಲಾ ಇದೆ. ದೇಶದ ಅತಿ ಅಪಾಯಕಾರಿ ಜ್ವಾಲಾಮುಖಿಗಳಲ್ಲಿ ಒಂದಾದ ಅದರ ನೆತ್ತಿಯ ಮೇಲೆ ನೂರಾರು ಮೀಟರ್ ದಪ್ಪದ ಮಂಜುಗಡ್ಡೆ. 2010ರಲ್ಲಿ ಯುರೋಪಿನ ಬಹುಪಾಲು ವಿಮಾನಗಳನ್ನು ಕೆಲವು ದಿನ ನಿಲ್ಲಿಸಿದ ಏಯಾಫ್ಯಾಟ್ಲಯೋಕುಲ್ ಕೂಡ ಮಂಜುಗಡ್ಡೆ ಹೊದ್ದಿರುವ ಬೆಟ್ಟವೇ. ಕೆಳಗಿನ ಶಾಖ ಅಷ್ಟು ಮಂಜನ್ನೇ ಕರಗಿಸಿಲ್ಲ, ನಿಮ್ಮನ್ನು ಬೆಚ್ಚಗಿಡುತ್ತದಾ?

ಲೆಕ್ಕವೂ ಇಷ್ಟೇ ಸರಳ. ಭೂಮಿಯ ಒಳಗಿನಿಂದ ಮೇಲೆ ಬರುವ ಶಾಖ ಸರಾಸರಿ ಚದರ ಮೀಟರಿಗೆ 0.1 ವಾಟ್‌ಗಿಂತ ಕಡಿಮೆ. ಐಸ್‌ಲ್ಯಾಂಡಿನಲ್ಲಿ ಅದು ಜಾಸ್ತಿ, ನಿಜ. ಆದರೆ ಹಬೆ ಉಕ್ಕುವ ತಾಣಗಳನ್ನು ಬಿಟ್ಟರೆ ಅಲ್ಲೂ ಒಂದು ವಾಟ್ ಮುಟ್ಟುವುದಿಲ್ಲ. ಮೋಡವಿಲ್ಲದ ಮಧ್ಯಾಹ್ನ ಸೂರ್ಯ ಕೊಡುವುದು ನೂರಾರು ವಾಟ್. ಬಂಡೆಯ ಮೂಲಕ ಶಾಖ ಹರಿಯುವುದು ಬಹಳ ನಿಧಾನ. ಬೇಗ ಮೇಲೆ ತರುವುದು ನೀರು ಮಾತ್ರ, ಅದೂ ಬಿರುಕು ಇರುವ ಕಡೆ ಮಾತ್ರ. ಆದ್ದರಿಂದ ಒಂದು ಹೆಜ್ಜೆ ಈಚೆ ಕುದಿಯುವ ಕೆಸರು, ಒಂದು ಹೆಜ್ಜೆ ಆಚೆ ಹಿಮ. ಅಡುಗೆಮನೆಯಲ್ಲಿ ಒಲೆ ಉರಿಯುತ್ತಿದೆ ಅಂತ ಅಂಗಳದ ಚಳಿ ಬಿಡುತ್ತದಾ?

ಹವೆಯನ್ನು ನಿರ್ಧರಿಸುವುದು ಎತ್ತರ, ಗಾಳಿ ಮತ್ತು ಸಮುದ್ರದಿಂದ ಬರುವ ಮಳೆ. ಕೊಳವಿರುವ ಜಾಗವೇ ಸುಮಾರು 600 ಮೀಟರ್ ಎತ್ತರದಲ್ಲಿದೆ. ಜುಲೈನಲ್ಲೂ ಹಗಲಿನ ಉಷ್ಣಾಂಶ 10 ಡಿಗ್ರಿ ದಾಟದ ದಿನಗಳು ಮಾಮೂಲು. ಅಲ್ಲಿಂದ ಥೋರ್ಸ್‌ಮೋರ್ಕ್ ಕಡೆಗೆ ಹೋಗುವ ಸುಮಾರು 55 ಕಿಲೋಮೀಟರ್‌ನ ಲೌಗವೇಗೂರ್ ದಾರಿ ಮೊದಲ ದಿನವೇ ಸಾವಿರ ಮೀಟರ್‌ಗೆ ಏರುತ್ತದೆ, ಹ್ರಾಫ್ನ್‌ಟಿನ್ನುಸ್ಕೆರ್ ತಂಗುಮನೆಯ ಹತ್ತಿರ. 2004ರ ಜೂನ್ ಕೊನೆಯಲ್ಲಿ, ಅಂದರೆ ನಡುಬೇಸಿಗೆಯಲ್ಲಿ, ಆ ತಂಗುಮನೆ ಇನ್ನೊಂದೇ ಕಿಲೋಮೀಟರ್ ಇದೆ ಅನ್ನುವಾಗ ಒಬ್ಬ ಯುವ ಚಾರಣಿಗ ಹಿಮಬಿರುಗಾಳಿಗೆ ಸಿಕ್ಕಿ ತೀರಿಕೊಂಡ. ಅವನ ನೆನಪಿಗೆ ಪೇರಿಸಿದ ಕಲ್ಲುಗುಪ್ಪೆ ದಾರಿಯ ಬದಿಯಲ್ಲೇ ಇದೆ. ಸುತ್ತಲಿನ ನೆಲದಿಂದ ಹಬೆ ಏಳುತ್ತಲೇ ಇರುತ್ತದೆ.

ಹಾಗಾಗಿ ಮೈಗಂಟುವ ಉಣ್ಣೆಯ ಒಳಉಡುಪು, ಅದರ ಮೇಲೆ ಬೆಚ್ಚನೆಯದೊಂದು, ಎಲ್ಲಕ್ಕಿಂತ ಹೊರಗೆ ಗಾಳಿ ಮಳೆ ಎರಡನ್ನೂ ತಡೆಯುವ ಜಾಕೆಟ್ ಮತ್ತು ಪ್ಯಾಂಟ್. ಟೋಪಿ, ಕೈಗವಸು. ಜೀನ್ಸ್ ಬೇಡ. ಹತ್ತಿ ಬಟ್ಟೆ ಒದ್ದೆಯಾದರೆ ಒಣಗುವುದೇ ಇಲ್ಲ, ಮೈಯ ಶಾಖವನ್ನೂ ಹೀರುತ್ತದೆ.

ದಾರಿಯ ವಿಚಾರ ಚುಟುಕಾಗಿ ಹೇಳಿಬಿಡುತ್ತೇನೆ. ಹೆಸರಿನ ಮುಂದೆ ಎಫ್ ಇರುವ ರಸ್ತೆಗಳಿಗೆ ಫೋರ್ ವೀಲ್ ಡ್ರೈವ್ ಗಾಡಿಯೇ ಬೇಕು. ಹಿಮ ಕರಗಿದ ಮೇಲೆ, ಸಾಮಾನ್ಯವಾಗಿ ಜೂನ್ ಮಧ್ಯ ಅಥವಾ ಕೊನೆಗೆ, ಅವು ತೆರೆಯುತ್ತವೆ. ಕ್ಯಾಂಪ್ ಮುಟ್ಟುವ ಮುಂಚೆ ನೀರಿನಲ್ಲಿ ಗಾಡಿ ಇಳಿಸಬೇಕು. ಧೈರ್ಯ ಇಲ್ಲದಿದ್ದರೆ ಈಚೆ ದಡದಲ್ಲೇ ನಿಲ್ಲಿಸಿ, ಕಾಲುಸೇತುವೆ ಇದೆ. ಬೇಸಿಗೆಯಲ್ಲಿ ರೇಕ್ಯಾವಿಕ್‌ನಿಂದ ಬಸ್ಸೂ ಸಿಗುತ್ತದೆ, ನನ್ನ ಓಟು ಅದಕ್ಕೇ. ರಸ್ತೆ ಬಿಟ್ಟು ಗಾಡಿ ಓಡಿಸುವುದು ಕಾನೂನಿಗೆ ವಿರುದ್ಧ. ಅಲ್ಲಿನ ಪಾಚಿಯ ಮೇಲೆ ಬಿದ್ದ ಚಕ್ರದ ಗುರುತು ದಶಕಗಟ್ಟಲೆ ಉಳಿಯುತ್ತದೆ.

ಕೊಳದ ನೀರು ಮಾತ್ರ ನಿಜಕ್ಕೂ ಹಿತ. 1477ರ ಸುಮಾರಿಗೆ ಹರಿದ ಲಾವಾ ಹೆಪ್ಪುಗಟ್ಟಿ ನಿಂತಿದೆ. ಅದರ ಅಂಚಿನಿಂದ ಬಿಸಿನೀರು ಬಂದು ತಣ್ಣೀರಿನ ತೊರೆಗೆ ಸೇರುತ್ತದೆ, ಸ್ನಾನಕ್ಕೆ ಸರಿಹೋಗುವುದು ಆ ಬೆರಕೆಯಿಂದ. ಬೆಟ್ಟದ ಮೇಲಿನ ಹಬೆಗುಂಡಿಗಳಿಗೆ ಬೆರಳೂ ಅದ್ದಬೇಡಿ. ಅವು ಬೇರೆಯೇ ಜಾತಿ.

ಇನ್ನು ನೀವು ಕೇಳದೇ ಇದ್ದದ್ದು: ಬಾತುಕೋಳಿ. ಆ ಕೊಳದಿಂದ ಎದ್ದು ಬಂದ ಕೆಲವರಿಗೆ ಮೈತುಂಬ ಕೆಂಪು ಗುಳ್ಳೆ, ವಿಪರೀತ ತುರಿಕೆ. ಗಂಧಕದ ಅಲರ್ಜಿ ಅಂತ ಸುಮಾರು ಜನ ಗಂಧಕವನ್ನು ಬೈಯುತ್ತಾರೆ. ಪಾಪ, ಅದರ ತಪ್ಪಲ್ಲ. 2003ರ ಆಗಸ್ಟಿನಲ್ಲಿ ಅಲ್ಲಿ ಹೀಗೆ ತುರಿಕೆ ಕಾಣಿಸಿಕೊಂಡಾಗ ಹುಡುಕಿದರೆ ಸಿಕ್ಕಿದ್ದು ಒಂದು ಪರಾವಲಂಬಿ ಹುಳು. ಅದು ಬಾತುಕೋಳಿಯ ಮೈಯಲ್ಲಿ ಬೆಳೆಯುತ್ತದೆ. ಅದರ ಮರಿಗಳು ನೀರಿನ ಬಸವನಹುಳುವಿನೊಳಗೆ ಸ್ವಲ್ಪ ಕಾಲ ಇದ್ದು, ಮತ್ತೊಂದು ಬಾತುಕೋಳಿ ಹುಡುಕಿಕೊಂಡು ಹೊರಡುತ್ತವೆ. ದಾರಿ ತಪ್ಪಿ ನಿಮ್ಮ ಚರ್ಮ ಹೊಕ್ಕರೆ ಮೈ ಅವನ್ನು ಅಲ್ಲೇ ಕೊಲ್ಲುತ್ತದೆ, ಆ ಜಗಳವೇ ತುರಿಕೆ. ಬೇಸಿಗೆಯ ಕೊನೆಗೆ ಇದರ ಕಾಟ ಜಾಸ್ತಿ. ಬಾತುಕೋಳಿಗೆ ತಿಂಡಿ ಹಾಕಬೇಡಿ, ನೀರಿನಿಂದ ಎದ್ದ ಕೂಡಲೇ ಟವೆಲ್‌ನಿಂದ ಚೆನ್ನಾಗಿ ಉಜ್ಜಿ ಒರೆಸಿಕೊಳ್ಳಿ. ಗುಳ್ಳೆ ಎದ್ದರೂ ಕೆರೆಯದೆ ಬಿಟ್ಟರೆ ಕೆಲವು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ.